ಲೋಹದ ತಿದಿ: ಒತ್ತಡವನ್ನು ಅಳೆದ ಕಥೆ

ಕಮ್ಮಾರನ ಕುಲುಮೆಯ ಮುಂದೆ ನಿಂತು ತಿದಿಯ ಉಸಿರಾಟವನ್ನು ಕೇಳದ ಕನ್ನಡಿಗರು ನಮ್ಮ ಹಿರಿಯರ ತಲೆಮಾರಿನಲ್ಲಿ ವಿರಳ. ಚರ್ಮದ ಆ ಚೀಲವು ಹಿಗ್ಗಿದಾಗ ಗಾಳಿಯನ್ನು ಒಳಗೆಳೆದುಕೊಳ್ಳುವುದು. ಕುಗ್ಗಿದಾಗ ಅದನ್ನೇ ಬೆಂಕಿಗೆ ಊದುವುದು. ನಾಟಕ ಕಂಪನಿಯ ಹಾರ್ಮೋನಿಯಮ್ಮಿನ ಬೆನ್ನಿಗೂ ಇಂಥದೇ ನೆರಿಗೆಯ ತಿದಿ. ನಾವು ನೆಲೆಸಿರುವ ಈ ನಾಡಿನ ಮರಾಠಿ ಬಂಧುಗಳು ಇದನ್ನು ‘ಭಾತಾ’ ಎನ್ನುವರು. ಕೈಯಿಂದ ಒತ್ತಿದರೆ ಗಾಳಿ ಹೊರಡುವುದು ತಿದಿಯ ಧರ್ಮವಷ್ಟೆ. ಈ ಧರ್ಮವನ್ನು ತಿರುವುಮುರುವು ಮಾಡಿದರೆ ಏನಾಗುವುದು? ಗಾಳಿಯೇ ತಿದಿಯನ್ನು ಒತ್ತಲಿ. ಅದು ಎಷ್ಟು ಸರಿಯಿತೆಂಬುದನ್ನು ನಾವು ಅಳೆಯೋಣ. ಸರಿದಷ್ಟು ಒತ್ತಡ. ಕೇಳಲು ಮಕ್ಕಳಾಟದಂತಿರುವ ಈ ವಿಚಾರವನ್ನು ನೆಮ್ಮಿಕೊಂಡೇ ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳ ಎಷ್ಟೋ ಕಾರಖಾನೆಗಳು ದಶಕಗಳ ಕಾಲ ನಡೆದುವು. ಅಲ್ಲಿ ದುಡಿದವರಲ್ಲಿ ಕನ್ನಡಿಗರೂ ಇದ್ದರು. ಅವರು ‘ಬೆಲೋಸ್’ ಎಂದು ಕರೆಯುತ್ತಿದ್ದ ಆ ಚಿಕ್ಕ ಲೋಹದ ತಿದಿಯ ಚರಿತ್ರೆಯನ್ನು ರಾಜ್ಯೋತ್ಸವದ ಈ ಸಂಚಿಕೆಯಲ್ಲಿ ವಾಚಕರ ಮುಂದಿಡುವುದು ನಮ್ಮ ಉದ್ದೇಶ.

ಮೊದಲು ಒತ್ತಡವೆಂದರೇನು ಎಂಬುದನ್ನು ಅಡುಗೆಮನೆಯಿಂದಲೇ ತಿಳಿಯೋಣ. ಕುಕ್ಕರಿನ ಮುಚ್ಚಳದ ಮೇಲೆ ನಾವು ಇಡುವ ವೆಯ್ಟು ಒಂದು ಸಣ್ಣ ರಂಧ್ರವನ್ನು ಮುಚ್ಚಿಕೊಂಡು ಕುಳಿತಿರುತ್ತದೆ. ಒಳಗಿನ ಆವಿ ಒಂದು ಚದರ ಸೆಂಟಿಮೀಟರಿಗೆ ಸುಮಾರು ೧ ಕಿಲೋಗ್ರಾಮಿನ ಬಲದಿಂದ ಒತ್ತತೊಡಗಿದಾಗ ಅದು ಆ ವೆಯ್ಟನ್ನು ಎತ್ತಿ ಶಬ್ದಮಾಡುತ್ತ ಹೊರಬರುವುದು. ಇಂತಿಷ್ಟು ಜಾಗದ ಮೇಲೆ ಇಂತಿಷ್ಟು ಬಲ, ಇದೇ ಒತ್ತಡ. ಹಾಕಿನ್ಸ್ ಕುಕ್ಕರುಗಳನ್ನು ತಯಾರಿಸುವ ಕಾರಖಾನೆಗಳಲ್ಲಿ ಒಂದು ನಮ್ಮ ಠಾಣೆಯಲ್ಲೇ ಇದೆ ಎಂಬುದನ್ನು ಇಲ್ಲಿ ನೆನೆಯಬಹುದು. ಆದರೆ ಕುಕ್ಕರಿನ ವೆಯ್ಟು ಬಲ್ಲದ್ದು ಒಂದೇ ಮಾತು: ಮಿತಿ ಮುಟ್ಟಿತು. ಮಿತಿಗೆ ಇನ್ನೆಷ್ಟು ದೂರವಿದೆ, ಒತ್ತಡ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದನ್ನು ಅದು ಹೇಳಲಾರದು. ಅನ್ನ ಬೇಯಿಸಲು ಇಷ್ಟು ಸಾಕು. ಸಾವಿರಾರು ಲೀಟರು ರಾಸಾಯನಿಕವನ್ನು ಬೇಯಿಸುವವನಿಗೆ ಸಾಲದು. ಅವನಿಗೆ ಪ್ರತಿ ಗಳಿಗೆಯ ಲೆಕ್ಕ ಬೇಕು.

ನಮ್ಮ ಈ ಪ್ರದೇಶಕ್ಕೆ ಉಗಿಯ ಪರಿಚಯ ದೊಡ್ಡ ಪ್ರಮಾಣದಲ್ಲಿ ಆದದ್ದು ರೈಲಿನಿಂದ. ೧೮೫೩ರ ಏಪ್ರಿಲ್ ೧೬ರಂದು ಬೋರಿಬಂದರಿನಿಂದ ಹೊರಟ ೧೪ ಡಬ್ಬಿಗಳ ಬಂಡಿಯನ್ನು ಮೂರು ಉಗಿಯಂತ್ರಗಳು ಎಳೆದು ಸುಮಾರು ೪೦೦ ಅತಿಥಿಗಳನ್ನು ಠಾಣೆಗೆ ಮುಟ್ಟಿಸಿದುವು. ಮರುವರ್ಷ, ೧೮೫೪ರ ಮೇ ೧ರಂದು, ಹಳಿ ಕಲ್ಯಾಣವನ್ನು ತಲುಪಿತು. ಭಾರತದಲ್ಲಿ ಪ್ರಯಾಣಿಕರ ರೈಲಿನ ಚರಿತ್ರೆ ನಾವು ದಿನವೂ ಹತ್ತಿಳಿಯುವ ಈ ನಿಲ್ದಾಣಗಳಿಂದಲೇ ಆರಂಭವಾಯಿತೆಂದರೆ ಅತಿಶಯೋಕ್ತಿಯಲ್ಲ. ಉಗಿ ಬಂದಲ್ಲಿ ಅದರ ಅಪಾಯವೂ ಬರುವುದು. ೧೮೬೩ರಲ್ಲಿ ಕಲಕತ್ತೆಯಲ್ಲಿ ಬಾಯ್ಲರೊಂದು ಸಿಡಿದು ಅನೇಕರು ಸತ್ತ ಮೇಲೆ, ೧೮೬೪ರಲ್ಲಿ ಬಂಗಾಳದಲ್ಲಿ ಬಾಯ್ಲರುಗಳ ತಪಾಸಣೆಗೆ ಕಾಯಿದೆ ಬಂತು. ಇತರ ಪ್ರಾಂತಗಳೂ ಅದೇ ದಾರಿ ಹಿಡಿದುವು. ಇಡೀ ದೇಶಕ್ಕೆ ಅನ್ವಯಿಸುವ ಬಾಯ್ಲರ್ ಕಾಯಿದೆ ೧೯೨೩ರಲ್ಲಿ ಆಯಿತು. ೨೦೨೫ರಲ್ಲಿ ಅದರ ಸ್ಥಾನಕ್ಕೆ ಹೊಸ ಕಾಯಿದೆ ಬಂದಿದೆ. ಬಾಯ್ಲರಿಗೆ ಒತ್ತಡದ ಮಾಪಕವಿರಲೇಬೇಕು, ಮೀರಬಾರದ ಮಿತಿಗೆ ಅದರ ಮುಖದ ಮೇಲೆ ಕೆಂಪು ಗೆರೆ ಇರಬೇಕು ಎಂಬ ನಿಯಮ ಈ ಪರಂಪರೆಯಿಂದಲೇ ಬಂದದ್ದು. ಆ ಕೆಂಪು ಗೆರೆಯ ಹಿಂದೆ ಸತ್ತವರ ಲೆಕ್ಕವಿದೆ ಎಂಬುದನ್ನು ಮರೆಯಲಾಗದು.

ಠಾಣೆಗೆ ಬಂಡಿ ಬಂದ ಕಾಲಕ್ಕೆ ಒತ್ತಡವನ್ನು ಅಳೆಯುವ ವಿದ್ಯೆ ಎಲ್ಲಿಯವರೆಗೆ ಬೆಳೆದಿತ್ತು? ೧೬೪೩ರ ಸುಮಾರಿಗೆ ಇಟಲಿಯ ಟಾರಿಚೆಲಿಯು ಗಾಜಿನ ಕೊಳವೆಯಲ್ಲಿ ಪಾದರಸವನ್ನು ನಿಲ್ಲಿಸಿ, ನಮ್ಮ ತಲೆಯ ಮೇಲಿನ ಗಾಳಿಗೂ ಭಾರವಿದೆಯೆಂದು ತೋರಿಸಿದ್ದನು. ಪಾದರಸ ಸುಳ್ಳಾಡದು, ಆದರೆ ಕುಲುಕಿದರೆ ಚೆಲ್ಲುವುದು, ಗಾಜು ಒಡೆಯುವುದು. ಹಡಗಿಗೂ ಯಂತ್ರಕ್ಕೂ ಅದು ಒಗ್ಗದು. ೧೭೦೦ರ ಸುಮಾರಿಗೆ ಜರ್ಮನಿಯ ತತ್ತ್ವಜ್ಞಾನಿ ಲೈಬ್ನಿಟ್ಸನು ತನ್ನ ಪತ್ರಗಳಲ್ಲಿ ಒಂದು ಉಪಾಯವನ್ನು ಸೂಚಿಸಿದನು: ಬಾಯಿ ಮುಚ್ಚಿದ ಒಂದು ಚಿಕ್ಕ ತಿದಿಯನ್ನು ಇಟ್ಟರೆ, ಹೊರಗಿನ ಗಾಳಿಯ ಭಾರ ಹೆಚ್ಚಿದಾಗ ಅದು ಕುಗ್ಗುವುದು, ಕಡಮೆಯಾದಾಗ ಹಿಗ್ಗುವುದು. ಹೀಗೆ ಅಳೆಯುವ ತಿದಿಯ ಕಲ್ಪನೆ ಮೂರು ಶತಮಾನಗಳಷ್ಟು ಹಳೆಯದು. ಆದರೆ ಅದಕ್ಕೆ ತಕ್ಕ ಲೋಹವೂ ಕೈಗೆಲಸವೂ ಆಗ ಇರಲಿಲ್ಲ. ಸುಮಾರು ಒಂದೂವರೆ ಶತಮಾನ ಕಳೆದ ಮೇಲೆ, ೧೮೪೪ರಲ್ಲಿ, ಫ್ರಾನ್ಸಿನ ಲೂಸಿಯಾಂ ವಿದಿಯು ಗಾಳಿಯನ್ನು ಹೊರತೆಗೆದ ತೆಳುವಾದ ಲೋಹದ ಡಬ್ಬಿಯಿಂದ ವಾಯುಭಾರಮಾಪಕವನ್ನು ಮಾಡಿದನು. ‘ದ್ರವವಿಲ್ಲದ್ದು’ ಎಂಬ ಅರ್ಥದ ಗ್ರೀಕ್ ಮಾತಿನಿಂದ ಅದಕ್ಕೆ ಅನೆರಾಯ್ಡ್ ಎಂದು ಹೆಸರಾಯಿತು.

೧೮೪೯ರಲ್ಲಿ ಪ್ಯಾರಿಸಿನ ಯಂತ್ರಕುಶಲಿ ಯೂಜೆನ್ ಬೂರ್ದೋನನು ಬೇರೊಂದು ದಾರಿ ಹಿಡಿದನು. ಸುರುಳಿ ಸುತ್ತುವಾಗ ಚಪ್ಪಟೆಯಾಗಿಹೋದ ಒಂದು ಕೊಳವೆಯನ್ನು ಸರಿಪಡಿಸಲು ಅದರೊಳಗೆ ನೀರನ್ನು ಒತ್ತಿ ತುಂಬಿದಾಗ, ಸುರುಳಿಯು ತಾನಾಗಿಯೇ ಬಿಚ್ಚಿಕೊಳ್ಳತೊಡಗಿದ್ದನ್ನು ಅವನು ಕಂಡನೆಂದು ಹೇಳುವರು. ಬಾಗಿದ ಚಪ್ಪಟೆ ಕೊಳವೆ, ಅದರ ತುದಿಗೆ ಒಂದು ಸನ್ನೆ, ಸನ್ನೆಗೆ ಹಲ್ಲಿನ ಚಕ್ರ, ಚಕ್ರಕ್ಕೆ ಮುಳ್ಳು, ಇಷ್ಟೇ ಬೂರ್ದೋನನ ಗೇಜು. ಇಂದಿಗೂ ಬಾಯ್ಲರಿನ ಮೇಲೆ, ಟಾಯರಿಗೆ ಗಾಳಿ ತುಂಬುವ ಅಂಗಡಿಯ ಕಂಪ್ರೆಸರಿನ ಮೇಲೆ, ಆಸ್ಪತ್ರೆಯ ಆಮ್ಲಜನಕದ ಸಿಲಿಂಡರಿನ ಮೇಲೆ ಕಾಣುವ ದುಂಡು ಮುಖದ ಗೇಜು ಬಹುಮಟ್ಟಿಗೆ ಇದೇ.

ಹಾಗಾದರೆ ತಿದಿಗೇನು ಕೆಲಸ? ಬೂರ್ದೋನನ ಕೊಳವೆ ಬಲಶಾಲಿ. ಹೆಚ್ಚಿನ ಒತ್ತಡದಲ್ಲಿ ಅದಕ್ಕೆ ಸಮನಿಲ್ಲ. ಆದರೆ ಬಲಶಾಲಿಗೆ ಮೆಲ್ಲನೆ ಮುಟ್ಟಿದ್ದು ತಿಳಿಯದು. ಕುಲುಮೆಯ ಹೊಗೆಕೊಳವೆಯ ಸೆಳೆತ, ತೊಟ್ಟಿಯ ಮೇಲ್ಭಾಗದ ಅನಿಲ, ಒಂದು ಚದರ ಸೆಂಟಿಮೀಟರಿಗೆ ಒಂದು ಕಿಲೋಗ್ರಾಮಿನ ಹತ್ತನೆಯ ಇಪ್ಪತ್ತನೆಯ ಭಾಗದಷ್ಟು ಒತ್ತಡ, ಇಂಥ ಕಡೆ ಅದರ ತುದಿ ಅಲುಗಿದ್ದೂ ಕಾಣದು. ಸೂಕ್ಷ್ಮವಾದ, ಆದರೆ ಸನ್ನೆಯನ್ನು ನೂಕುವಷ್ಟು ಕಸುವುಳ್ಳ ಅಂಗ ಬೇಕಾಗಿತ್ತು. ಇದನ್ನು ಒದಗಿಸಿದವನು ಕಾರಖಾನೆಯವನಲ್ಲ; ಮಳೆ ಗಾಳಿಗಳ ಲೆಕ್ಕವಿಡುವ ನೌಕರ ಎಂಬುದು ಸೋಜಿಗ. ಅಮೆರಿಕದ ಟೆನೆಸೀ ಪ್ರಾಂತದ ನಾಕ್ಸ್‌ವಿಲ್ ನಗರದಲ್ಲಿ ಹವಾಮಾನ ಇಲಾಖೆಯ ಕೆಲಸದಲ್ಲಿದ್ದ ವೆಸ್ಟನ್ ಫುಲ್ಟನನು ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಬೆಸುಗೆಯೇ ಇಲ್ಲದ, ಒಂದೇ ಕೊಳವೆಯಿಂದ ನೆರಿಗೆ ತೆಗೆದ ಲೋಹದ ತಿದಿಯನ್ನು ಸಿದ್ಧಮಾಡಿದನು. ‘ಸಿಲ್ಫಾನ್’ ಎಂದು ಅದಕ್ಕೆ ಹೆಸರಿಟ್ಟು ಅದೇ ನಗರದಲ್ಲಿ ಕಾರಖಾನೆಯನ್ನೂ ತೆರೆದನು. ಬೆಸುಗೆ ಇಲ್ಲದ್ದೇ ಅದರ ಹೆಚ್ಚುಗಾರಿಕೆ. ಸಾವಿರ ಸಲ ಹಿಗ್ಗಿ ಕುಗ್ಗುವ ವಸ್ತುವಿನಲ್ಲಿ ಮೊದಲು ಬಿರುಕು ಬಿಡುವುದು ಬೆಸುಗೆಯೇ ತಾನೆ?

ಈ ತಿದಿಯನ್ನು ಮಾಡುವ ಬಗೆಯನ್ನು ಸ್ಥೂಲವಾಗಿ ಹೇಳುವುದಾದರೆ, ಮಿಲಿಮೀಟರಿನ ಹತ್ತನೆಯ ಒಂದೆರಡು ಭಾಗದಷ್ಟು ತೆಳುವಾದ ಗೋಡೆಯ ಕೊಳವೆಯನ್ನು ಅಚ್ಚಿನೊಳಗಿಟ್ಟು, ಒಳಗಿನಿಂದ ದ್ರವವನ್ನು ಒತ್ತಿ, ಸೀರೆಯ ನೆರಿಗೆಯಂತೆ ಸಾಲು ಸಾಲಾಗಿ ಮಡಿಕೆ ಎಬ್ಬಿಸುವರು. ಹಿತ್ತಾಳೆ, ರಂಜಕ ಬೆರೆತ ಕಂಚು, ಬೆರಿಲಿಯಂ ಬೆರೆತ ತಾಮ್ರ, ತುಕ್ಕುಹಿಡಿಯದ ಉಕ್ಕು, ಇವು ಅದಕ್ಕೆ ಬಳಸುವ ಲೋಹಗಳು. ಒಂದು ತುದಿಯನ್ನು ಬಿಗಿದು ಇನ್ನೊಂದು ತುದಿಯನ್ನು ಮುಚ್ಚಿ ಬಿಡುವರು. ಐದು ಸೆಂಟಿಮೀಟರು ಅಡ್ಡಗಲದ ತಿದಿಯೆಂದರೆ ಸುಮಾರು ೨೦ ಚದರ ಸೆಂಟಿಮೀಟರು ಜಾಗ. ಅದರ ಮೇಲೆ ಚದರ ಸೆಂಟಿಮೀಟರಿಗೆ ಒಂದು ಕಿಲೋಗ್ರಾಮಿನ ಇಪ್ಪತ್ತನೆಯ ಒಂದು ಭಾಗ ಒತ್ತಡ ಬಿದ್ದರೂ ಒಟ್ಟು ಬಲ ಸುಮಾರು ೧ ಕಿಲೋಗ್ರಾಮು. ಅರ್ಧ ಮೀಟರು ಎತ್ತರದ ನೀರು ತನ್ನ ತಳದಲ್ಲಿ ಹುಟ್ಟಿಸುವ ಒತ್ತಡ ಇಷ್ಟೇ. ಆದರೂ ಅದರಿಂದ ಸನ್ನೆ, ಚಕ್ರ, ಮುಳ್ಳು, ಬರೆಯುವ ಲೇಖನಿ ಎಲ್ಲವನ್ನೂ ನಡೆಸಬಹುದು.

ಬಲ್ಲವರು ತಿದಿಯನ್ನು ಒಂಟಿಯಾಗಿ ದುಡಿಸುವುದಿಲ್ಲ. ಅದರ ಜೊತೆಗೆ ಒಂದು ಸುರುಳಿ ಸ್ಪ್ರಿಂಗನ್ನು ಎದುರಾಗಿ ಇಡುವರು. ಒತ್ತಡವನ್ನು ಹಿಡಿಯುವುದು ತಿದಿ, ತಡೆಯುವುದು ಸ್ಪ್ರಿಂಗು. ಸ್ಪ್ರಿಂಗನ್ನು ಬದಲಿಸಿದರೆ ಅಳತೆಯ ವ್ಯಾಪ್ತಿಯೂ ಬದಲಾಗುವುದು. ಎರಡು ತಿದಿಗಳನ್ನು ಎದುರುಬದುರಾಗಿ ಹೂಡಿದರೆ ಎರಡು ಒತ್ತಡಗಳ ವ್ಯತ್ಯಾಸ ಸಿಗುವುದು. ಕೊಳವೆಯಲ್ಲಿ ಹರಿಯುವ ದ್ರವಕ್ಕೆ ತೂತಿನ ತಗಡೊಂದನ್ನು ಅಡ್ಡವಿಟ್ಟರೆ ಅದರ ಹಿಂದು ಮುಂದಿನ ಒತ್ತಡಗಳು ಬೇರೆಯಾಗುತ್ತವೆ. ಹರಿವು ಎರಡು ಪಟ್ಟಾದರೆ ಆ ವ್ಯತ್ಯಾಸ ನಾಲ್ಕು ಪಟ್ಟಾಗುವುದು. ಹೀಗೆ ಒತ್ತಡವನ್ನು ಅಳೆಯಹೊರಟ ತಿದಿಯೇ ಹರಿವನ್ನೂ ತೊಟ್ಟಿಯ ಮಟ್ಟವನ್ನೂ ಅಳೆಯಿತು.

ಇನ್ನು ನಮ್ಮ ಊರುಗಳ ಕಡೆ ಬರೋಣ. ಡೊಂಬಿವಲಿ ಕಲ್ಯಾಣಗಳ ನಡುವಣ ಠಾಕುರ್ಲಿಯಲ್ಲಿ ರೈಲ್ವೆಯವರ ಚೋಳಾ ವಿದ್ಯುದಾಗಾರವು ಕಲ್ಲಿದ್ದಲು ಉರಿಸಿ, ಉಗಿ ಎಬ್ಬಿಸಿ, ವಿದ್ಯುತ್ ಬಂಡಿಗಳಿಗೆ ಶಕ್ತಿ ಒದಗಿಸುತ್ತಿತ್ತು. ಈಗ ಅದು ನಿಂತುಹೋಗಿದೆ. ಕಲ್ಯಾಣದ ಆಚೆ ಶಹಾಡ, ಮೋಹನೆಗಳಲ್ಲಿ ರೇಯಾನ್ ಕಾರಖಾನೆಗಳು ಎದ್ದುವು. ಮೋಹನೆಯದು ಬಾಗಿಲು ಮುಚ್ಚಿದೆ. ೧೯೬೨ರ ಆಗಸ್ಟಿನಲ್ಲಿ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ಮಂಡಲಿ ಸ್ಥಾಪನೆಯಾಗಿ, ಠಾಣೆಯ ವಾಗ್ಳೆ ಎಸ್ಟೇಟು, ಡೊಂಬಿವಲಿಯ ಕೈಗಾರಿಕಾ ಪ್ರದೇಶ, ಖಾಡಿಯ ಆಚೆ ದಂಡೆಯ ಠಾಣೆ-ಬೇಲಾಪುರ ರಸ್ತೆಯ ಪಟ್ಟಿ, ಒಂದರ ಹಿಂದೊಂದು ಬೆಳೆದುವು. ೧೯೬೦ರ ದಶಕದ ಕೊನೆಯ ವೇಳೆಗೆ ಆ ರಸ್ತೆಯ ಮೇಲೆ ನೊಸಿಲ್ ಕಂಪನಿಯು ನ್ಯಾಫ್ತಾವನ್ನು ಒಡೆದು ರಾಸಾಯನಿಕಗಳನ್ನು ಮಾಡುವ ದೊಡ್ಡ ಘಟಕವನ್ನು ನಡೆಸತೊಡಗಿತು. ಆ ಘಟಕವೂ ಇಂದಿಲ್ಲ. ನವಿ ಮುಂಬಯಿಯನ್ನು ಕಟ್ಟಲು ಸಿಡ್ಕೋ ಹುಟ್ಟಿದ್ದು ೧೯೭೦ರಲ್ಲಿ. ಅಂದರೆ ನಗರಕ್ಕಿಂತ ಮೊದಲು ಕಾರಖಾನೆ ಬಂದಿತ್ತು.

ಇಂಥ ಕಾರಖಾನೆಗಳಲ್ಲಿ ಸುಡುವ ದ್ರವಗಳೂ ಅನಿಲಗಳೂ ಇರುವಲ್ಲಿ ವಿದ್ಯುತ್ತಿನ ಒಂದು ಕಿಡಿಯೂ ಮೃತ್ಯುವೇ ಸರಿ. ಹಾಗಿದ್ದರೆ ದೂರದ ತೊಟ್ಟಿಯ ಒತ್ತಡವನ್ನು ನಿಯಂತ್ರಣ ಕೊಠಡಿಗೆ ಮುಟ್ಟಿಸುವುದು ಹೇಗೆ? ಅದಕ್ಕೂ ತಿದಿಯೇ ನೆರವಾಯಿತು. ೧೯೩೦ರ ದಶಕದ ಆರಂಭದಲ್ಲಿ ಅಮೆರಿಕದ ಫಾಕ್ಸ್‌ಬರೊ ಕಂಪನಿಯ ಕ್ಲೆಸನ್ ಮೇಸನನು ರೂಢಿಗೆ ತಂದ ಏರ್ಪಾಡು ಇದು. ಸಣ್ಣ ಮೂತಿಯೊಂದರಿಂದ ಗಾಳಿ ಸದಾ ಹೊರಬರುತ್ತಿರುವುದು. ಎದುರಿಗೆ ಒಂದು ತೆಳು ಪಟ್ಟಿ. ಅಳೆಯುವ ತಿದಿಯು ಸನ್ನೆಯನ್ನು ನೂಕಿದಾಗ ಪಟ್ಟಿಯು ಮೂತಿಯನ್ನು ಸಮೀಪಿಸಿ ಗಾಳಿಯನ್ನು ತಡೆಯುವುದು. ಹಿಂದಿನ ಒತ್ತಡ ಏರುವುದು. ಆ ಒತ್ತಡ ತಾಮ್ರದ ಸಣ್ಣ ಕೊಳವೆಯ ಮೂಲಕ ದೂರದ ಕೊಠಡಿಗೂ ಹೋಗುವುದು, ಪಕ್ಕದ ಇನ್ನೊಂದು ತಿದಿಗೂ ಹೋಗುವುದು. ಈ ಎರಡನೆಯ ತಿದಿಯು ಸನ್ನೆಯನ್ನು ಹಿಂದಕ್ಕೆ ನೂಕಿ ಸಮತೋಲನಕ್ಕೆ ತರುವುದು. ಒಂದು ತಿದಿಯ ಮಾತಿಗೆ ಮತ್ತೊಂದು ತಿದಿಯ ಉತ್ತರ. ವಿದ್ಯುತ್ತಿಲ್ಲ, ಕಿಡಿಯಿಲ್ಲ, ಬರಿಯ ಗಾಳಿ.

ಈ ಗಾಳಿಯ ಸಂದೇಶಕ್ಕೆ ಒಂದು ಕಟ್ಟುಪಾಡು ಉಂಟು. ಚದರ ಇಂಚಿಗೆ ೩ ಪೌಂಡಿನಿಂದ ೧೫ ಪೌಂಡಿನವರೆಗೆ ಎಂಬುದು ಮೂಲದ ಲೆಕ್ಕ. ೧೯೫೬ರ ತೂಕ ಅಳತೆಗಳ ಕಾಯಿದೆಯಿಂದ ನಮ್ಮ ದೇಶ ಮೆಟ್ರಿಕ್ ಪದ್ಧತಿಗೆ ತಿರುಗಿದಂತೆ ಅದು ಚದರ ಸೆಂಟಿಮೀಟರಿಗೆ ೦.೨ರಿಂದ ೧ ಕಿಲೋಗ್ರಾಮು ಆಯಿತು. ಅಳತೆಯ ಸೊನ್ನೆಗೆ ಸೊನ್ನೆ ಗಾಳಿಯನ್ನೇ ಏಕೆ ಇಡಲಿಲ್ಲ? ತೊಟ್ಟಿಯಲ್ಲಿ ನಿಜವಾಗಿಯೂ ಒತ್ತಡವಿಲ್ಲದಿದ್ದರೆ ಕೊಳವೆಯಲ್ಲಿ ೦.೨ ಇರುವುದು, ಕೊಳವೆಯೇ ಮುರಿದಿದ್ದರೆ ಏನೂ ಇರದು. ‘ಏನೂ ಇಲ್ಲ’ ಎಂಬ ಸುದ್ದಿ ಬೇರೆ, ಸುದ್ದಿಯೇ ಬಾರದಿರುವುದು ಬೇರೆ. ಊರಿನಿಂದ ‘ಎಲ್ಲರೂ ಕ್ಷೇಮ’ ಎಂದು ಬಂದ ಕಾಗದಕ್ಕೂ ಕಾಗದವೇ ಬಾರದಿರುವುದಕ್ಕೂ ಇರುವ ಅಂತರವನ್ನು ಪರ ಊರಿನಲ್ಲಿ ಬಾಳಿದ ನಮಗೆ ಯಾರೂ ವಿವರಿಸಬೇಕಾಗಿಲ್ಲ. ಯಂತ್ರವಿದ್ಯೆಯು ಆ ಅಂತರವನ್ನು ಅಳತೆಯೊಳಗೇ ಸೇರಿಸಿತು.

ಇಷ್ಟಾದರೂ ತಿದಿ ಲೋಹದ್ದೇ; ಲೋಹಕ್ಕೂ ದಣಿವುಂಟು. ಸಾವಿರಾರು ಸಲ ಮಡಿಸಿ ಬಿಚ್ಚಿದ ನೆರಿಗೆಯಲ್ಲಿ ಕಣ್ಣಿಗೆ ಕಾಣದ ಬಿರುಕು ಮೂಡುವುದು. ಬಿಸಿ ಹೆಚ್ಚಿದರೆ ಲೋಹ ಮೆತುವಾಗಿ ಹೆಚ್ಚು ಸರಿಯುವುದು. ಆಮ್ಲದ ಆವಿ ಅದನ್ನು ಕೊರೆಯುವುದು. ಮಿತಿಮೀರಿ ಒಮ್ಮೆ ಒತ್ತಿದರೆ ತನ್ನ ಮೊದಲ ಸ್ಥಾನಕ್ಕೆ ಅದು ಮರಳದು. ಅಳೆಯುವ ಲೋಹವನ್ನು ನಂಬುವುದೆಂದರೆ ಅದು ಪ್ರತಿ ಸಲವೂ ಇದ್ದಲ್ಲಿಗೆ ಮರಳಿ ಬರುವುದೆಂದು ನಂಬುವುದು. ಆ ನಂಬಿಕೆಯನ್ನು ಪರೀಕ್ಷಿಸುತ್ತಲೇ ಇರಬೇಕು. ಇನ್‌ಸ್ಟ್ರುಮೆಂಟ್ ಮೆಕ್ಯಾನಿಕ್ಕನ ಕೆಲಸ ಇದೇ. ಗೊತ್ತಾದ ಅಳತೆಯ ಕೊಂತದ ಮೇಲೆ ಗೊತ್ತಾದ ತೂಕದ ಬಿಲ್ಲೆಗಳನ್ನಿಟ್ಟು ಎಣ್ಣೆಯನ್ನು ಒತ್ತುವ ಯಂತ್ರವೊಂದಿದೆ. ಒಂದು ಚದರ ಸೆಂಟಿಮೀಟರಿನ ಕೊಂತಕ್ಕೆ ೫ ಕಿಲೋ ಹೇರಿದರೆ ಗೇಜು ೫ ತೋರಿಸಬೇಕು. ತೀರ ಕಡಮೆಯ ಒತ್ತಡಕ್ಕಾದರೆ ನೀರಿನ ಕೊಳವೆಯೇ ಸಾಕ್ಷಿ. ತೂಕ ಏರಿಸುತ್ತ ಒಮ್ಮೆ, ಇಳಿಸುತ್ತ ಒಮ್ಮೆ ನೋಡುವರು. ಏರುವಾಗ ಒಂದು, ಇಳಿಯುವಾಗ ಮತ್ತೊಂದು ಹೇಳುವ ತಿದಿಯು ದಣಿದಿದೆಯೆಂದು ತಿಳಿಯುವರು. ಪರೀಕ್ಷಿಸಿದ ತಾರೀಖನ್ನು ಚೀಟಿಯ ಮೇಲೆ ಬರೆದು ಅಂಟಿಸುವರು. ಯಾರೂ ಹೊಗಳದ, ಫೋಟೋ ಬಾರದ ಕೆಲಸ. ಆದರೆ ಪಾಳಿಯ ಎಲ್ಲರ ಜೀವ ಆ ಚೀಟಿಯ ಮೇಲೆ.

ಮಾಪಕ ಸರಿಯಿದ್ದರೆ ಸಾಕೆ? ಸಾಲದು ಎಂಬುದಕ್ಕೆ ಭೋಪಾಲವೇ ನಿದರ್ಶನ. ೧೯೮೪ರ ಡಿಸೆಂಬರ್ ೨ರ ರಾತ್ರಿ ೧೦-೨೦ಕ್ಕೆ ವಿಷದ್ರವದ ತೊಟ್ಟಿಯ ಒತ್ತಡ ಚದರ ಇಂಚಿಗೆ ೨ ಪೌಂಡು. ೧೧ ಗಂಟೆಗೆ ೧೦ ಪೌಂಡು. ೨ರಿಂದ ೨೫ರವರೆಗೆ ಸಹಜವೆಂಬುದು ಅಲ್ಲಿಯ ರೂಢಿ. ಆದುದರಿಂದ ಹತ್ತನ್ನು ಕಂಡವರಿಗೆ ಭಯವಾಗಲಿಲ್ಲ. ಆದರೆ ನಲವತ್ತು ನಿಮಿಷಗಳಲ್ಲಿ ಅದು ಐದು ಪಟ್ಟಾಗಿತ್ತು. ನಡುರಾತ್ರಿ ಕಳೆಯುತ್ತಲೇ ಮುಳ್ಳು ೫೫ರ ಕೊನೆಯ ಅಂಕೆಯನ್ನು ದಾಟಿತು. ಬೆಳಗಾಗುವಷ್ಟರಲ್ಲಿ ಸಾವಿರಾರು ಜನ ಸತ್ತಿದ್ದರು. ಮುಳ್ಳು ಎಲ್ಲಿದೆಯೆಂದು ನೋಡಿದರೆ ಸಾಲದು, ಎತ್ತ ಹೋಗುತ್ತಿದೆ, ಎಷ್ಟು ಬೇಗ ಹೋಗುತ್ತಿದೆ ಎಂದೂ ನೋಡಬೇಕು. ಇದು ಲೋಹ ಮಾಡುವ ಕೆಲಸವಲ್ಲ, ಮನುಷ್ಯ ಮಾಡುವ ಕೆಲಸ.

ಭೋಪಾಲ ದೂರವೆನ್ನುವಂತಿಲ್ಲ. ೨೦೧೬ರ ಮೇ ೨೬ರಂದು, ಮತ್ತೆ ೨೦೨೪ರ ಮೇ ೨೩ರಂದು ನಮ್ಮ ಡೊಂಬಿವಲಿಯ ಕೈಗಾರಿಕಾ ಪ್ರದೇಶದಲ್ಲಿ ರಾಸಾಯನಿಕ ಕಾರಖಾನೆಗಳು ಸಿಡಿದುವು. ಎರಡು ಸಲವೂ ಹತ್ತಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಬಹುದೂರದ ಮನೆಗಳ ಕಿಟಕಿಯ ಗಾಜುಗಳು ಪುಡಿಯಾದುವು. ಆ ದುರ್ಘಟನೆಗಳ ವಿಚಾರಣೆ ಈ ಲೇಖನದ ವಿಷಯವಲ್ಲ. ಆದರೆ ಕಾರಖಾನೆಯ ಗೋಡೆಗೂ ಮಕ್ಕಳು ಮಲಗುವ ಕೋಣೆಗೂ ನಡುವೆ ಒಂದು ರಸ್ತೆಯಷ್ಟೇ ಅಂತರವಿರುವ ಊರಿನಲ್ಲಿ, ಒತ್ತಡವನ್ನು ಅಳೆಯುವ ಮತ್ತು ಆ ಅಳತೆಗೆ ಕಿವಿಗೊಡುವ ವಿದ್ಯೆಯು ಎಂಜಿನಿಯರರ ಖಾಸಗಿ ಸೊತ್ತಲ್ಲ. ಅದು ಊರಿನ ವಿಷಯ.

ಇಂದು ದೊಡ್ಡ ಕಾರಖಾನೆಗಳಲ್ಲಿ ತಿದಿಯ ಸ್ಥಾನವನ್ನು ಬಹುಮಟ್ಟಿಗೆ ಸಿಲಿಕಾನ್ ಚೂರುಗಳೂ ತೆಳುಪೊರೆಗಳೂ ಹಿಡಿದಿವೆ. ತಾಮ್ರದ ಕೊಳವೆಯ ಗಾಳಿಯ ಬದಲು ತಂತಿಯಲ್ಲಿ ೪ರಿಂದ ೨೦ ಮಿಲಿಆಂಪಿಯರ್ ವಿದ್ಯುತ್ತು ಹರಿಯುತ್ತದೆ. ಇಲ್ಲಿಯೂ ಆರಂಭ ಸೊನ್ನೆಯಿಂದಲ್ಲ, ನಾಲ್ಕರಿಂದ ಎಂಬುದನ್ನು ವಾಚಕರು ಗಮನಿಸಿರಬಹುದು. ಗಾಳಿ ಹೋದರೂ ಗಾಳಿಯ ಕಾಲದ ವಿವೇಕ ಉಳಿಯಿತು. ತಿದಿಯೂ ಪೂರ್ತಿ ಹೋಗಿಲ್ಲ. ಮಿತಿ ಮೀರಿದೊಡನೆ ಬಾಯ್ಲರಿನ ಉರಿಯನ್ನು ನಿಲ್ಲಿಸುವ, ಕಂಪ್ರೆಸರನ್ನು ತಡೆಯುವ ಸ್ವಿಚ್ಚುಗಳಲ್ಲಿ ಅದು ಇಂದಿಗೂ ಕಾವಲಿದೆ. ಏಕೆಂದರೆ ಅಲ್ಲಿ ಲೆಕ್ಕಕ್ಕಿಂತ ಭರವಸೆ ಮುಖ್ಯ.

ಕೊನೆಯದಾಗಿ ಒಂದು ಬಿನ್ನಹ. ಈ ಪಟ್ಟಿಯ ಕಾರಖಾನೆಗಳಲ್ಲಿ ಇಪ್ಪತ್ತು ಮೂವತ್ತು ವರ್ಷ ಮಾಪಕಗಳನ್ನು ಬಿಚ್ಚಿ, ತೊಳೆದು, ಪರೀಕ್ಷಿಸಿ, ಜೋಡಿಸಿದ ಹಿರಿಯರು ನಮ್ಮ ಸಂಘಗಳಲ್ಲಿ ಇನ್ನೂ ಇದ್ದಾರೆ. ಹಲವು ಕಾರಖಾನೆಗಳು ಮುಚ್ಚಿವೆ. ಅಲ್ಲಿಯ ರಿಜಿಸ್ಟರುಗಳು ರದ್ದಿಗೆ ಹೋಗಿವೆ. ಉಳಿದಿರುವುದು ಅವರ ನೆನಪೊಂದೇ. ಯಾವ ಶಬ್ದಕ್ಕೆ ಕಿವಿ ನಿಮಿರಿತು, ಯಾವ ಮುಳ್ಳಿನ ನಡುಕ ಕಂಡು ಪಾಳಿಯ ಮೇಲಧಿಕಾರಿಯನ್ನು ಎಬ್ಬಿಸಬೇಕಾಯಿತು, ಯಾವಾಗ ಹಟ ಹಿಡಿದು ಯಂತ್ರ ನಿಲ್ಲಿಸಿದರು ಎಂಬುದನ್ನು ಅವರು ಮನೆಮಾತಿನಲ್ಲಿ ಬರೆದಿಡಲಿ, ಬರೆಯಲಾಗದವರು ಹೇಳಲಿ. ಕನ್ನಡದಲ್ಲಿ ಕಥೆ ಕಾವ್ಯಗಳಂತೆ ಈ ಅನುಭವವೂ ಸೇರಬೇಕು. ಕೇಳಿ ಬರೆದುಕೊಳ್ಳುವ ಕೆಲಸವನ್ನು ಸಂಘದ ತರುಣ ತರುಣಿಯರು ಈ ವರ್ಷವೇ ಕೈಗೊಳ್ಳುವರೆಂದು ನಾವು ನಂಬಿದ್ದೇವೆ.